ಫೋಟೋ ಇಲ್ಲದವರ ಮುಖ ಬರೆಯುವ ಗೌಸಿಯಾ

ಜೇವರ್ಗಿಯಲ್ಲಿ ವಿಜಯಪುರ ರಸ್ತೆಗೆ ಹೊಂದಿ ನನ್ನದೊಂದು ಫ್ರೇಮಿನ ಅಂಗಡಿ ಇದೆ. ದೇವರ ಫೋಟೋ, ಮದುವೆ ಫೋಟೋ, ಸತ್ತವರ ಫೋಟೋ, ಮೂರಕ್ಕೂ ಕಟ್ಟು ಹಾಕಿ ಗಾಜು ಕೂಡಿಸುವುದು ಕೆಲಸ. ಗಂಡ ಇದ್ದಾಗ ಅವರು ನೋಡಿಕೊಳ್ಳುತ್ತಿದ್ದರು, ಈಗ ನಾನೇ. ಇಂಥ ಅಂಗಡಿಯಲ್ಲಿ ಬಹಳ ವರ್ಷ ಕೂತರೆ ಮನುಷ್ಯರ ಮೇಲಿನ ನಂಬಿಕೆ ಸವೆದು ಹೋಗುತ್ತದೆ. ಅತ್ತೆಯ ಫೋಟೋ ತಂದ ಸೊಸೆ ಎಷ್ಟು ಅಳುತ್ತಾಳೆ, ಅತ್ತು ಮುಗಿಸಿ ಫ್ರೇಮಿಗೆ ಎಂಥ ಅಗ್ಗದ ಪಟ್ಟಿ ಆರಿಸುತ್ತಾಳೆ ಎನ್ನುವುದನ್ನು ಒಟ್ಟಿಗೇ ನೋಡುವವಳು ನಾನೊಬ್ಬಳೇ. ಆದ್ದರಿಂದ ವಿದ್ಯಾವತಿ ಅನುಮಾನದ ಹೆಂಗಸು ಎಂದು ಯಾರಾದರೂ ಅಂದರೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಗೌಸಿಯಾಬೇಗಂ ಮೇಲೂ ನನಗೆ ಮೊದಲ ದಿನದಿಂದಲೇ ಅನುಮಾನವಿತ್ತು.

ಅವಳು ಬಂದದ್ದು ಕೊರೊನಾದ ಎರಡನೇ ವರ್ಷ. ಆಗ ಅಂಗಡಿಗೆ ಬಂದವರೆಲ್ಲರ ಕೈಯಲ್ಲೂ ಆಧಾರ ಕಾರ್ಡು. ಹಳ್ಳಿಯ ಮುದುಕರಿಗೆ ಬೇರೆ ಫೋಟೋ ಎಲ್ಲಿಂದ ಬರಬೇಕು? ಪಕ್ಕದ ಫ್ಲೆಕ್ಸ್ ಅಂಗಡಿಯವನು ಅದನ್ನೇ ದೊಡ್ಡದು ಮಾಡಿ ಕೊಡುತ್ತಿದ್ದ. ಆಧಾರ ಕಾರ್ಡಿನ ಫೋಟೋ ದೊಡ್ಡದು ಮಾಡಿದರೆ ಎಂಥ ಸಜ್ಜನನೂ ಪೊಲೀಸರಿಗೆ ಬೇಕಾದವನ ಹಾಗೆ ಕಾಣುತ್ತಾನೆ. ಅಂಥದ್ದೊಂದು ಫೋಟೋ ಗೋಡೆಗೆ ಆನಿಸಿಟ್ಟಿದ್ದೆ. ಒಡೆದ ಕನ್ನಡಿಗೆ ಗಾಜು ಹಾಕಿಸಲು ಬುರ್ಖಾದ ಹೆಂಗಸೊಬ್ಬಳು ಬಂದಳು. ಮುಖದ ಮೇಲೆ ನಖಾಬ, ಎರಡು ಕಣ್ಣು ಬಿಟ್ಟರೆ ಬೇರೇನೂ ಕಾಣದು. ಕನ್ನಡಿ ಕೊಡುವುದು ಬಿಟ್ಟು ಆ ಮುದುಕನನ್ನೇ ನೋಡುತ್ತ ನಿಂತಳು.

“ಇವ್ರು ಹಿಂಗ ಇರ್ಲಿಲ್ರಿ ಅಕ್ಕಾ,” ಅಂದಳು.

“ನಿನಗ ಪರಿಚಯ ಏನವ್ವಾ?”

“ಇಲ್ರಿ. ಈಗ ಹೊರಗ ಹೋದ್ರಲ್ರಿ, ಇವ್ರ ಮಗಾ, ಅವ್ರ ದವಡಿ ನೋಡೀನಿ. ಅಪ್ಪಂದು ಹಿಂಗ ಕುಸಿದಿರಂಗಿಲ್ಲ. ಫೋಟೋ ತೆಗೆಯೋ ದಿನ ಹಲ್ಲಿನ ಸೆಟ್ ಮನ್ಯಾಗ ಬಿಟ್ಟು ಹೋಗ್ಯಾರ.”

ಮಗ ತಿರುಗಿ ಬಂದಾಗ ಕೇಳಿದೆ. ಹೌದು, ಅಪ್ಪ ಅವತ್ತು ಹಲ್ಲು ಮರೆತು ಹೋಗಿದ್ದ. ನನಗೆ ಆಶ್ಚರ್ಯವಾಗಲಿಲ್ಲ, ಅನುಮಾನವಾಯಿತು. ಇಷ್ಟೆಲ್ಲ ನೋಡುವ ಹೆಂಗಸು ನನ್ನ ಗಲ್ಲಾಪೆಟ್ಟಿಗೆಯನ್ನೂ ನೋಡಿರಬೇಕಲ್ಲ? ಆದರೂ ಒಂದು ಹಾರ್ಡ್‌ಬೋರ್ಡ್ ಕೊಟ್ಟು, ಬರೆದು ತೋರಿಸು ನೋಡೋಣ ಅಂದೆ. ಒಂದು ವಾರ ಬಿಟ್ಟು ಆ ಮಗ ಚಿತ್ರದ ಮುಂದೆ ನಿಂತು ಕರವಸ್ತ್ರ ಹುಡುಕಿದ. ಅಲ್ಲಿಂದ ಅವಳು ನನ್ನ ಅಂಗಡಿಗೆ ಅಂಟಿಕೊಂಡಳು, ಅಥವಾ ನಾನು ಅವಳಿಗೆ.

ಅವಳ ಹಿಂದಿನ ಕಥೆ ಒಮ್ಮೆಲೇ ಸಿಗಲಿಲ್ಲ. ಸಿಕ್ಕಷ್ಟನ್ನು ಅವಳ ಅತ್ತೆ ಬಾನುಬಿಯ ಹತ್ತಿರ ಇನ್ನೊಮ್ಮೆ ಕೇಳಿ ತಾಳೆ ನೋಡಿದ್ದೇನೆ. ಗೌಸಿಯಾಳ ಅಪ್ಪ ಮುಸ್ತಕೀಮ ಆಳಂದದಲ್ಲಿ ಬೋರ್ಡ್ ಪೇಂಟರ್. ಅಂಗಡಿ ಬೋರ್ಡು, ಟ್ರ್ಯಾಕ್ಟರಿನ ನಂಬರು, ಸರಕಾರಿ ಗೋಡೆಯ ಮೇಲಿನ ಘೋಷಣೆ, ಎಲ್ಲ ಬರೆಯುತ್ತಿದ್ದ. ಅಕ್ಷರ ಮುತ್ತಿನಂತೆ, ಮುಖ ಮಾತ್ರ ಕೈಗೆ ಬರುತ್ತಿರಲಿಲ್ಲ. ಒಮ್ಮೆ ಆರತಿಗೊಬ್ಬಳು ಕೀರುತಿಗೊಬ್ಬ ಎಂಬ ಗೋಡೆಚಿತ್ರಕ್ಕೆ ಗಂಡ, ಹೆಂಡತಿ, ಎರಡು ಮಕ್ಕಳನ್ನು ಬರೆದ. ನಾಲ್ಕೂ ಮುಖಕ್ಕೆ ಒಂದೇ ಕಣ್ಣು, ಮಗುವಿಗೂ ಮೀಸೆ ಚಿಗುರಿದ ಹಾಗೆ. ಅಪ್ಪ ಚಹಾಕ್ಕೆ ಹೋದಾಗ ಶಾಲೆಗೆ ಹೋಗುವ ಗೌಸಿಯಾ ಕುಂಚ ಹಿಡಿದು ತಾಯಿಯ ಮುಖ ತಿದ್ದಿದಳು. ಯಾರ ಮುಖ ಬರೆಯಬೇಕು? ದಿನಾ ನೋಡುವ ಸೋದರತ್ತೆ ಮೆಹರಾಜಬೇಗಂಳದ್ದೇ ಬರೆದಳು. ಮೆಹರಾಜಬೇಗಂಗೆ ಏಳು ಮಕ್ಕಳು. ಕುಟುಂಬ ಯೋಜನೆಯ ಗೋಡೆಯ ಮೇಲೆ ಅವಳನ್ನು ಕಂಡು ಆಳಂದದ ಜನ ಹೊಟ್ಟೆ ಹಿಡಿದು ನಕ್ಕರು. ಅಪ್ಪ ಮಗಳಿಗೆ ಎರಡೇಟು ಹಾಕಿ ಗೋಡೆಗೆ ಸುಣ್ಣ ಬಳಿದ. ಅಂದಿನಿಂದ ತನಗೆ ಬಂದ ಮುಖಗಳನ್ನೆಲ್ಲ ಮನೆಯೊಳಗೆ ಅವಳ ಕೈಯಲ್ಲೇ ಬರೆಸಿ, ತಾನು ಬರೆದದ್ದೆಂದು ಹೇಳುತ್ತ ಬಂದ. ನಾನು ಈ ಮುಸ್ತಕೀಮನನ್ನು ನೋಡಿಲ್ಲ, ನೋಡಿದ್ದರೆ ಎರಡು ಮಾತು ಕೇಳುತ್ತಿದ್ದೆ.

ಮದುವೆಯಾಗಿ ಜೇವರ್ಗಿಗೆ ಬಂದಳು. ಗಂಡ ಖಮರ ಟ್ರ್ಯಾಕ್ಟರ್ ಮೆಕ್ಯಾನಿಕ್, ಮಾತು ಕಡಿಮೆ. ಮಾತೆಲ್ಲ ಅತ್ತೆ ಬಾನುಬಿಯ ಪಾಲಿಗೆ ಬಂದಿತ್ತು. ಸೊಸೆಯ ಕುಂಚಗಳನ್ನು ಆಕೆ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಅವಳಿಗೆ ಎರಡು ತಕರಾರು. ಮನುಷ್ಯರ ಮುಖ ಬರೆಯುವುದು ಸರಿಯಲ್ಲ ಎನ್ನುವುದು ಒಂದು. ಮುಖ ಬರೆಯಬೇಕಾದರೆ ಮುಖ ನೋಡಬೇಕು, ಗಂಡಸಿನ ಮುಖವನ್ನು ಹೆಂಗಸು ರೆಪ್ಪೆ ಮಿಟುಕಿಸದೆ ನೋಡಿದರೆ ನಮ್ಮ ಕಡೆ ಅದಕ್ಕೆ ಏನರ್ಥ ಕಟ್ಟುತ್ತಾರೆಂದು ಎಲ್ಲರಿಗೂ ಗೊತ್ತು. ಅದು ಎರಡನೆಯದು, ದೊಡ್ಡದು. ಈ ವಿಷಯದಲ್ಲಿ ನಮ್ಮ ಓಣಿಗೂ ಅವರ ಓಣಿಗೂ ಏನೂ ಭೇದವಿಲ್ಲ. ನನ್ನ ಅಂಗಡಿಯ ದುಡ್ಡು ಮನೆಗೆ ಬರತೊಡಗಿದ ಮೇಲೆ ಕೊನೆಗೆ ಒಂದು ಒಪ್ಪಂದವಾಯಿತು. ನಮಾಜು ಮಾಡುವ ಮನೆಯಲ್ಲಿ ಮುಖ ಇರಕೂಡದು, ಬರೆಯುವುದೇನಿದ್ದರೂ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ. ಕಾವಲಿಗೆ ಬಾನುಬಿ. ಆಕೆ ಸ್ಟೂಲಿನ ಮೇಲೆ ಅಡಕೆ ಕತ್ತರಿಸುತ್ತ ಕೂತು ನನ್ನನ್ನು ನೋಡುತ್ತಿದ್ದಳು, ನಾನು ಗೌಸಿಯಾಳನ್ನು ನೋಡುತ್ತಿದ್ದೆ, ಗೌಸಿಯಾ ಸತ್ತವರನ್ನು ನೋಡುತ್ತಿದ್ದಳು.

ಒಂದು ಸಲ ಯಡ್ರಾಮಿಯ ಕಡೆಯವರು ಬಂದರು. ತೀರಿಕೊಂಡ ತಾಯಿಯದು ಆಧಾರ ಕಾರ್ಡೂ ಇಲ್ಲ, ಏನೂ ಇಲ್ಲ. ನಾನು ಆಗಲ್ಲ ಎಂದು ಕಳಿಸುವುದರಲ್ಲಿದ್ದೆ. ಗೌಸಿಯಾ ಒಳಗಿಂದ, “ಮಕ್ಕಳು ಎಷ್ಟು ಮಂದಿ ಇದ್ದಾರ್ರಿ?” ಎಂದು ಕೇಳಿದಳು. ಹೀಗೆ ಶುರುವಾದದ್ದು ಅವಳ ವಿದ್ಯೆ. ಮನೆಗೆ ಹೋಗಿ ಮಕ್ಕಳು, ಮೊಮ್ಮಕ್ಕಳು, ತಂಗಿಯರು ಎಲ್ಲರನ್ನೂ ಪಡಸಾಲೆಯಲ್ಲಿ ಸಾಲಾಗಿ ಕೂಡಿಸುತ್ತಾಳೆ. ಮೂಗು ಯಾರಿಗೆ ಬಂದಿದೆ, ಗದ್ದ ಯಾರಿಗೆ ಬಂದಿದೆ ಎಂದು ಕೇಳುತ್ತಾಳೆ. ಕೇಳಿದ ಕೂಡಲೇ ಜಗಳ. ಎಲ್ಲರಿಗೂ ತಾಯಿಯ ಮೂಗು ತನ್ನದೇ ಆಗಬೇಕು. ಜಗಳವಾಡಲು ಬಿಟ್ಟು ಅವಳು ಸುಮ್ಮನೆ ನೋಡುತ್ತಾಳೆ, ಪೆನ್ಸಿಲಿನಿಂದ ಒಬ್ಬರ ಹುಬ್ಬು, ಇನ್ನೊಬ್ಬರ ಕಿವಿ ಎತ್ತಿಕೊಳ್ಳುತ್ತಾಳೆ. ಆ ಯಡ್ರಾಮಿಯ ಮನೆಯಲ್ಲಿ ಕೆನ್ನೆಯ ಗುಳಿಯನ್ನು ಕಿರಿಯಳಿಂದ ತೆಗೆದುಕೊಂಡಳು ಎಂದು ಅಕ್ಕತಂಗಿಯರು ಮಾತು ಬಿಟ್ಟರು. ಚಹಾದ ಜೊತೆ ಭಜಿ ಕೊಟ್ಟವರ ಮೂಗನ್ನೇ ಈಕೆ ಆರಿಸುತ್ತಾಳೆ ಎಂಬ ಮಾತೂ ಹುಟ್ಟಿತು. ನನಗೂ ಕೆಲವು ಸಲ ಹಾಗೆ ಅನ್ನಿಸಿದ್ದುಂಟು. “ಆಕಿ ನಮ್ಮನ್ನ ನೋಡ್ತಾಳ, ನಾವು ಆಕೀನ್ನ ನೋಡಂಗಿಲ್ಲ” ಎಂದು ಹಳ್ಳಿಯ ಹೆಂಗಸರು ನನ್ನ ಕಿವಿಯಲ್ಲಿ ದೂರುತ್ತಿದ್ದರು.

ಮುಗಿದ ಚಿತ್ರ ಒಯ್ದಾಗ “ಹೋಲತದೇನ್ರಿ?” ಎಂದು ಅವಳು ಯಾವತ್ತೂ ಕೇಳುವುದಿಲ್ಲ. ಕೇಳಿದರೆ ಒಬ್ಬರು ದಾಕ್ಷಿಣ್ಯಕ್ಕೆ ಹೌದೆನ್ನುತ್ತಾರೆ, ಒಬ್ಬರು ಬೆಲೆ ಇಳಿಸಲು ಇಲ್ಲವೆನ್ನುತ್ತಾರೆ. ಚಿತ್ರವನ್ನು ಗೋಡೆಗೆ ಆನಿಸಿ ಅಡುಗೆಮನೆಯ ಬಾಗಿಲ ಬಳಿ ಕೂತುಬಿಡುತ್ತಾಳೆ. ಸತ್ತ ಹಿರಿಯರು ಬದುಕಿದ್ದಾಗ ಆ ಮನೆಗೆ ಸೊಸೆಯಾಗಿ ಬಂದವಳು ಯಾರಿದ್ದಾಳೋ ಅವಳು ಒಳಗಿಂದ ಬರುವವರೆಗೆ ಕಾಯುತ್ತಾಳೆ. ಚಿತ್ರ ಕಂಡ ಕೂಡಲೇ ಆ ಹೆಂಗಸಿನ ಕೈ ತಾನಾಗಿ ಸೆರಗಿಗೆ ಹೋಗಿ, ಸೆರಗು ತಲೆಯ ಮೇಲೆ ಬಂದರೆ ಕೆಲಸ ಮುಗಿಯಿತು. ಬರದಿದ್ದರೆ ಚಿತ್ರ ವಾಪಸು.

“ನಾವು ಪರಾಯಿ ಗಂಡಸರ ಮುಂದ ಮುಚ್ಚಿಕೋತೇವಿ,” ಎಂದು ಒಮ್ಮೆ ಬಸ್ಸಿನಲ್ಲಿ ಹೇಳಿದಳು. “ನೀವು ಮನೀ ಹಿರೇರ ಮುಂದ. ಆದ್ರ ಅಕ್ಕಾ, ಮುಚ್ಚಿಕೊಂಡೋರು ನೋಡಿದಷ್ಟು ಬ್ಯಾರೆ ಯಾರೂ ನೋಡಿರಂಗಿಲ್ರಿ.”

ಮೂರು ತಾಲೂಕಿನಲ್ಲಿ ಅವಳಿಗೆ ಹೆಸರು ಬಂತು. ಬಂದ ಹೆಸರು ಒಂದೇ ದಿನದಲ್ಲಿ ಹೋಗುವ ಪ್ರಸಂಗವೂ ಬಂತು.

ಸೊನ್ನದ ಬ್ಯಾರೇಜಿನಿಂದ ಸ್ವಲ್ಪ ಮೇಲೆ, ಭೀಮೆಯ ದಂಡೆಯ, ಅಫಜಲಪುರ ತಾಲೂಕಿನ ಒಂದು ಊರು. ಊರಿನ ಹೆಸರು ಬರೆಯುವುದಿಲ್ಲ, ಅವರು ಇನ್ನೂ ನನ್ನ ಗಿರಾಕಿಗಳು. ದೊಡ್ಡ ಲಿಂಗಾಯತ ಮನೆತನ, ಕಬ್ಬು, ತೊಗರಿ, ಎರಡು ಟ್ರ್ಯಾಕ್ಟರು. ಅಣ್ಣ ಜಗದೇವಪ್ಪನಿಗೆ ಅರವತ್ತರ ಹತ್ತಿರ. ತಮ್ಮ ಅನೀಲಕುಮಾರ ಗುತ್ತಿಗೆದಾರ, ತಂದೆ ಅಮೃತಪ್ಪ ತೀರಿಕೊಂಡಾಗ ಅಂಬೆಗಾಲಿಡುತ್ತಿದ್ದ ಕೂಸು. ಇದ್ದೊಂದು ಫೋಟೋ ಭೀಮೆ ಉಕ್ಕಿ ಮನೆಯೊಳಗೆ ನೀರು ಬಂದ ವರ್ಷ ಬಿಳಿ ಕಾಗದವಾಗಿತ್ತು. ಈಗ ಹೊಸ ಮನೆ ಕಟ್ಟಿಸಿದ್ದರು. ಗುರುಪ್ರವೇಶದ, ಅಂದರೆ ಗೃಹಪ್ರವೇಶದ ದಿನ ಸ್ವಾಮಿಗಳು ಬರುವಾಗ ಹಾಲ್‌ನಲ್ಲಿ ಅಪ್ಪನ ಫೋಟೋ ಇರಬೇಕು.

ನಾವಿಬ್ಬರೂ ಹೋದೆವು. ಬಾನುಬಿಗೆ ಮೊಣಕಾಲು ನೋವು, ಅವತ್ತು ಬರಲಿಲ್ಲ. ನಾನು ಕೈಚೀಲದಲ್ಲಿ ಫ್ರೇಮಿನ ಪಟ್ಟಿಗಳ ಮಾದರಿ ಹಿಡಿದು ಅಂಗಳದಲ್ಲಿ ಜಗದೇವಪ್ಪನ ಜೊತೆ ಮಾತಾಡುತ್ತಿದ್ದೆ. ಗೌಸಿಯಾ ಕೈಕಾಲು ತೊಳೆಯಲು ನಲ್ಲಿಯ ಹತ್ತಿರ ಹೋದಳು. ಅಲ್ಲಿ ಎತ್ತಿಗೆ ಹಸಿ ಮೇವು ಹಾಕುತ್ತಿದ್ದ ಒಬ್ಬ ವಯಸ್ಸಾದ ಮನುಷ್ಯ ಕೆಲಸ ಬಿಟ್ಟು ಅವಳ ಬಳಿ ಬಂದ. ಆಚೀಚೆ ನೋಡಿ, ತಗ್ಗಿದ ದನಿಯಲ್ಲಿ ಏನೋ ಕೇಳಿದ. ಅವಳು ಅವನ ಮುಖವನ್ನು ನೆಟ್ಟಗೆ ನೋಡಿ ಏನೋ ಉತ್ತರ ಕೊಟ್ಟಳು. ನನಗೆ ಕೇಳಿಸಲಿಲ್ಲ. ನಾನು ಮಾತ್ರವಲ್ಲ, ಮಹಡಿಯ ಮೇಲೆ ಫೋನು ಹಿಡಿದು ನಿಂತಿದ್ದ ಅನೀಲಕುಮಾರನೂ ಇದನ್ನು ನೋಡಿದ.

ಪಡಸಾಲೆಯಲ್ಲಿ ಸಾಲು ಕೂತಿತು. ಅಣ್ಣ, ತಮ್ಮ, ಜಗದೇವಪ್ಪನ ಮಗಳು ಶಾಂಭವಿ. ಜಗದೇವಪ್ಪನ ಹೆಂಡತಿ ಶಿವಕಾಂತಾ ಚಹಾ ತಂದರು. ಮನೆಯಲ್ಲಿ ಈಗ ಆಕೆಗಿಂತ ಹಿರಿಯ ಹೆಂಗಸಿಲ್ಲ, ತಲೆ ಮುಚ್ಚಬೇಕಾದ ಹಿರಿಯ ಗಂಡಸೂ ಇಲ್ಲ. ಸೆರಗು ನಿಶ್ಚಿಂತೆಯಿಂದ ಹೆಗಲ ಮೇಲಿತ್ತು. ಗೌಸಿಯಾ ಸಾಲನ್ನೊಮ್ಮೆ ನೋಡಿ ಪೆನ್ಸಿಲು ಕೆಳಗಿಟ್ಟಳು. ಆಮೇಲೆ ಬಾಗಿಲಾಚೆ, ದನದ ಕೊಟ್ಟಿಗೆಯ ಕಡೆ ತಿರುಗಿ ಕರೆದಳು.

“ನೀವ್ಯಾಕ ಅಲ್ಲೇ ಕುಂತೀರಿ? ಹಿರಿ ಮಗಾ ನಡುವ ಕೂಡಬೇಕ್ರಿ. ಬರ್ರಿ ಒಳಗ.”

ಮೇವು ಹಾಕುವ ಮನುಷ್ಯ ಎದ್ದು ನಿಂತ. ಬರಲೂ ಇಲ್ಲ, ಹೋಗಲೂ ಇಲ್ಲ. ಶಾಂಭವಿ ತಲೆ ತಗ್ಗಿಸಿ ಬಳೆ ತಿರುಗಿಸತೊಡಗಿದಳು. ನಾನು ಆ ಮನುಷ್ಯನ ಮುಖ ನೋಡಿದೆ, ಜಗದೇವಪ್ಪನ ಮುಖ ನೋಡಿದೆ, ಮಾದರಿ ಪಟ್ಟಿಗಳನ್ನು ಚೀಲಕ್ಕೆ ತುಂಬತೊಡಗಿದೆ.

“ಅಂವ ಮನೀ ಮನುಷ್ಯಾ ಅಲ್ಲ,” ಅಂದ ಜಗದೇವಪ್ಪ. “ಕಲ್ಲಿನಾಥ ಅಂತ. ಹೊಲದ ಕೆಲಸಕ್ಕ ಇದ್ದಾನ. ನೀವು ನಿಮ್ಮ ಕೆಲಸ ಮಾಡ್ರಿ.”

ಆ ಊರಿಗೆಲ್ಲ ಗೊತ್ತಿದ್ದ ಮಾತು ನನಗೆ ಬಸ್ ಸ್ಟ್ಯಾಂಡಿಗೆ ಬಂದ ಮೇಲೆ ಶೇಂಗಾ ಮಾರುವವಳ ಬಾಯಿಂದ ತಿಳಿಯಿತು. ಕಲ್ಲಿನಾಥನ ತಾಯಿ ತಾಯವ್ವ ಅಮೃತಪ್ಪನ ಹೊಲಕ್ಕೆ ಬರುತ್ತಿದ್ದ ಆಳು. ಕಲ್ಲಿನಾಥ ಹುಟ್ಟಿ ಎರಡು ವರ್ಷಕ್ಕೆ ಜಗದೇವಪ್ಪ ಹುಟ್ಟಿದ. ಹೊಲದ ಬದುವಿನ ಮೇಲೊಂದು ಗುಡಿಸಲು, ಅಲ್ಲೇ ಅವಳು ಬಾಳಿದಳು, ಅಲ್ಲೇ ಸತ್ತಳು, ಅಲ್ಲೇ ಇವನಿದ್ದಾನೆ. ಆ ಮನೆಯವರ ಎದುರಿಗೆ ಯಾರೂ ಯಾವತ್ತೂ ಆ ಮಾತು ಆಡಿಲ್ಲ.

“ನಿನಗ ಗೊತ್ತಿತ್ತೇನು?” ಎಂದು ನಾನು ಗೌಸಿಯಾಳನ್ನು ಕೇಳಿದೆ.

“ಇಲ್ರಿ ಅಕ್ಕಾ. ಮುಖ ನೋಡಿ ಹಿರಿ ಮಗಾ ಅಂತ ತಿಳ್ಕೊಂಡೆ.”

“ನಲ್ಲಿ ಹಂತ್ಯಾಕ ಏನ್ ಮಾತಾಡಿದಿ ಆತನ ಜೋಡಿ?”

“ಅದು ಅವ್ರ ಮಾತು,” ಅಂದಳು. ಆಮೇಲೆ ಜೇವರ್ಗಿಯವರೆಗೆ ತುಟಿ ಬಿಚ್ಚಲಿಲ್ಲ. ನಖಾಬದ ಹಿಂದೆ ತುಟಿ ಏನು ಮಾಡುತ್ತಿತ್ತೋ ನನಗೇನು ಗೊತ್ತು. ನಾನು ಕಿಟಕಿಯ ಹೊರಗೆ ನೋಡುತ್ತ ಲೆಕ್ಕ ಹಾಕಿದೆ. ಆಸ್ತಿ ದೊಡ್ಡದು. ಗುರುಪ್ರವೇಶದ ದಿನ ಊರ ಜನ, ಸ್ವಾಮಿಗಳು, ಬೀಗರು ಎಲ್ಲ ಇರುವಾಗ ಗೋಡೆಯ ಮೇಲೆ ಕಲ್ಲಿನಾಥನ ಮುಖದ ಅಮೃತಪ್ಪ ಕಂಡರೆ ಯಾರಿಗೆ ಲಾಭ? ಈ ಹೆಂಗಸಿಗೆ ಮೊದಲೇ ಯಾರೋ ಮಾತು ಮುಟ್ಟಿಸಿದ್ದಾರೆ ಎಂದು ನನಗೆ ಬಲವಾಗಿ ಅನ್ನಿಸಿತು. ಹಾಗೆ ಅನ್ನಿಸಿದ್ದು ತಪ್ಪೆಂದು ನಾನು ಈಗಲೂ ಹೇಳುವುದಿಲ್ಲ. ಯಾರಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದರು.

ಚಿತ್ರ ಮುಗಿದ ದಿನ ಬಟ್ಟೆ ಸರಿಸಿ ನೋಡಿದೆ. ತಲೆಗೆ ರುಮಾಲು, ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಎಲ್ಲ ಸರಿ. ಮುಖ ಕಲ್ಲಿನಾಥನದು.

“ಇದನ್ನ ಒಯ್ದ್ರ ಒದೆ ತಿಂತೇವಿ, ಗೌಸಿಯಾ.”

“ಅಕ್ಕಾ, ಅವ್ರು ಬ್ಯಾಡ ಅಂದ ಮ್ಯಾಲ ಆತನ ಮುಖದಿಂದ ಒಂದು ಗೆರಿ ತಗೊಂಡಿಲ್ರಿ. ಹಣಿ, ಕಿವಿ ಜಗದೇವಪ್ಪನೋರದು. ಮೂಗು ಅನೀಲಕುಮಾರಂದು. ಗದ್ದ ಶಾಂಭವೀದು. ಮೂರೂ ಕೂಡಿಸಿದ್ರ ಇವ್ರು ಬಂದು ನಿಂದರ್ತಾರ. ಮೂರು ಸಲ ಅಳಿಸಿದೆ. ನಾ ಏನ್ ಮಾಡ್ಲಿ?”

ನಾನು ನಂಬಲಿಲ್ಲ. ಬಾನುಬಿ ಸ್ಟೂಲಿನಿಂದಲೇ ಕತ್ತು ಚಾಚಿ ಚಿತ್ರ ನೋಡಿ, “ಘರ್ಕು ಚಲ್ ಗೌಸಿಯಾ,” ಎಂದು ಸೊಸೆಯನ್ನು ಮನೆಗೆ ಎಬ್ಬಿಸಿದಳು. ಮುದುಕಿಗೂ ಏನೋ ವಾಸನೆ ಹತ್ತಿತ್ತು.

ಗುರುಪ್ರವೇಶದ ಹಿಂದಿನ ದಿನ ಮಧ್ಯಾಹ್ನ ಚಿತ್ರ ಒಯ್ದೆವು. ಹಾಲ್‌ನಲ್ಲಿ ಗೋಡೆಗೆ ಆನಿಸಿದೆವು. ಗೌಸಿಯಾ ಅಭ್ಯಾಸದಂತೆ ಅಡುಗೆಮನೆಯ ಬಾಗಿಲ ಬಳಿ ಕೂತಳು. ಮೊದಲು ಬಂದವನು ಅನೀಲಕುಮಾರ. ಒಂದು ನೋಟ ನೋಡಿದ, ಅಷ್ಟೇ.

“ಅಣ್ಣಾ! ಬಾ ಇಲ್ಲಿ, ನೋಡು ಇವ್ರ ಆಟ! ನಾ ಅವತ್ತೇ ಹೇಳಿದ್ನಿಲ್ಲೋ? ನಲ್ಲಿ ಹಂತ್ಯಾಕ ಗುಸುಗುಸು ನಡೆಸಿದ್ರು ಇಬ್ಬರೂ.” ಆಮೇಲೆ ಗೌಸಿಯಾಳ ಕಡೆ ತಿರುಗಿದ. “ಏನ್ರಿ ಬಾಯಿ, ಎಷ್ಟು ಕೊಟ್ಟಾನ ಅಂವ?”

“ಯಾರೂ ಏನೂ ಕೊಟ್ಟಿಲ್ರಿ.”

“ಮತ್ತ ಏನ್ ಮಾತಾಡಿದ್ರಿ ಹೇಳ್ರಿ.”

“ಅದು ನಾ ಹೇಳೋ ಮಾತಲ್ರಿ.”

“ಕೇಳಿದೇನ ಅಣ್ಣಾ? ನಾಳೆಯಿಂದ ಅಫಜಲಪುರ, ಆಳಂದ, ಜೇವರ್ಗಿ, ಮೂರೂ ತಾಲೂಕಿನಾಗ ಹೇಳ್ತೇನಿ. ರೊಕ್ಕ ತಗೊಂಡು ಮಂದಿ ಗ್ವಾಡಿ ಮ್ಯಾಲ ಮಂದಿ ಮುಖ ಹಚ್ಚತಾಳ ಈಕಿ ಅಂತ. ಯಾರ ಹೊಸ್ತಿಲಾ ತುಳೀತೀರಿ ನೋಡ್ತೇನಿ.”

ಅವನು ಹೇಳಿದಂತೆ ಮಾಡುವವನೇ. ಮಾಡಿದರೆ ಗೌಸಿಯಾಳ ಕಥೆ ಮುಗಿದಂತೆ. ಮನೆಮಂದಿಯನ್ನೆಲ್ಲ ಎದುರಿಗೆ ಕೂಡಿಸಿಕೊಂಡು ನೋಡುವ ಹೆಂಗಸಿನ ಮೇಲೆ ಇಂಥ ಮಾತು ಹುಟ್ಟಿದರೆ ಯಾರು ಬಾಗಿಲು ತೆಗೆಯುತ್ತಾರೆ? ಕುಂಚ ಮತ್ತೆ ಟ್ರಂಕಿನೊಳಗೆ, ಬೀಗದ ಕೈ ಬಾನುಬಿಯ ಸೊಂಟಕ್ಕೆ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಸರಿಯಾಗಿ ಗೊತ್ತಾಗಲಿಲ್ಲ. ಆ ಗುಸುಗುಸು ಏನೆಂದು ಹೇಳಿಬಿಟ್ಟರೆ ಇವಳ ಗಂಟೇನು ಹೋಗುತ್ತದೆ ಎಂದು ಅವಳ ಮೇಲೆಯೇ ಹೆಚ್ಚು ಬಂತು.

ಅನೀಲಕುಮಾರ ಕಲ್ಲಿನಾಥನನ್ನು ಕರೆಸಿದ. ಆತ ಚಪ್ಪಲಿ ಹೊರಗೆ ಬಿಟ್ಟು ಹೊಸ್ತಿಲ ಮೇಲೆ ನಿಂತ. “ಒಳಗ ಬಾರಲೇ, ನಿನ್ನ ಫೋಟೋ ನೋಡು ಬಾ,” ಎಂದು ಅನೀಲಕುಮಾರ ರಟ್ಟೆ ಹಿಡಿದು ಎಳೆದ. ಅರವತ್ತು ದಾಟಿದ ಮನುಷ್ಯ, ಆ ಮನೆತನದ ಹೊಲದಲ್ಲಿ ಬೆನ್ನು ಬಾಗಿಸಿದವನು, ಅವತ್ತು ಮೊದಲ ಸಲ ಅವರ ಮನೆಯ ಹೊಸ್ತಿಲು ದಾಟಿರಬೇಕು. ಚಿತ್ರ ನೋಡಿದ. ಒಂದು ಹೆಜ್ಜೆ ಹಿಂದೆ ಸರಿದ.

“ಏನ್ ಕೇಳ್ದಿ ಈಕೀಗ ಅವತ್ತ?”

“ಏನಿಲ್ರಿ ಸಾವ್ಕಾರ್ರ.”

“ಆಸ್ತ್ಯಾಗ ಹಿಸ್ಸೆ ಬೇಕೇನಲೇ ನಿನಗ? ಫೋಟೋ ಹಚ್ಚಿಸಿ ಹಿಸ್ಸೆ ತಗೊಳ್ಳಾವ ಇದ್ದೇನು?”

ಕಲ್ಲಿನಾಥ ಇಲ್ಲವೆಂದು ತಲೆ ಅಲ್ಲಾಡಿಸಿದ. ಇಬ್ಬರೂ ಒಂದೇ ಮಾತನ್ನು ಮುಚ್ಚಿಡುತ್ತಿದ್ದರು. ಅದನ್ನು ಕಂಡು ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು. ಜಗದೇವಪ್ಪ ಮಾತ್ರ ಚಿತ್ರದ ಕಡೆ ಬೆನ್ನು ಮಾಡಿ ಕಿಟಕಿಯ ಬಳಿ ನಿಂತಿದ್ದ. ಅಪ್ಪ ಸತ್ತಾಗ ಅವನಿಗೆ ಇಪ್ಪತ್ತು. ಅವನಿಗೆ ಮುಖ ನೆನಪಿಲ್ಲದೆ ಇರುತ್ತದೆಯೇ?

“ಅಪ್ಪನ್ನ ನೋಡಿದೋರು ಇಲ್ಲಿ ಅಣ್ಣಾ ಒಬ್ಬನ,” ಅಂದ ಅನೀಲಕುಮಾರ. “ಹೇಳೋ ಅಣ್ಣಾ, ಇವ್ರು ಅಪ್ಪಾ ಅಲ್ಲ ಅಂತ.”

“ಅಲ್ಲ,” ಅಂದ ಜಗದೇವಪ್ಪ, ತಿರುಗದೆ.

“ವೈನಿಯೋರು ನೋಡ್ಯಾರಲ್ರಿ?” ಅವನ ಅತ್ತಿಗೆ ಶಿವಕಾಂತಾರ ಬಗ್ಗೆ ಗೌಸಿಯಾ ಕೂತಲ್ಲಿಂದಲೇ ಕೇಳಿದಳು.

ಅನೀಲಕುಮಾರ ನಕ್ಕ. “ನಮ್ಮ ವೈನೀ? ಮಾವನ ಮುಂದ ತಲಿ ಎತ್ತಿದ ಸೊಸಿ ಅಲ್ಲ ಅವ್ರು. ಅಪ್ಪನ ಕಾಲು ಕೇಳ್ರಿ, ಹೇಳ್ತಾರ.”

ಅಷ್ಟರಲ್ಲಿ ಶಿವಕಾಂತಾ ಚಹಾದ ತಾಟು ಹಿಡಿದು ಅಡುಗೆಮನೆಯಿಂದ ಬಂದರು. ಒಳಗಿನ ಜಗಳ ಕೇಳಿಸಿತ್ತೋ ಇಲ್ಲವೋ, ಮುಖದಲ್ಲಿ ಏನೂ ಇರಲಿಲ್ಲ. ಎರಡು ಹೆಜ್ಜೆ ಬಂದು ಗೋಡೆಯ ಕಡೆ ನೋಡಿದರು. ತಾಟು ಓರೆಯಾಗಿ ಚಹಾ ಚೆಲ್ಲಿತು. ಅದನ್ನು ನೆಲದ ಮೇಲೆ ಇಟ್ಟುಬಿಟ್ಟು ಎರಡೂ ಕೈಯಿಂದ ಸೆರಗು ಎಳೆದು ಹಣೆಯವರೆಗೆ ಹೊದ್ದುಕೊಂಡು, ಒಂದು ಬದಿಗೆ ಸರಿದು, ತಲೆ ತಗ್ಗಿಸಿ ನಿಂತರು. ಮಾವ ಒಳಗೆ ಬಂದಾಗ ಹೊಸ ಸೊಸೆ ದಾರಿ ಬಿಡುವ ಹಾಗೆ. ಅರವತ್ತರ ಹತ್ತಿರದ ಹೆಂಗಸು.

ನಾನು ಗೌಸಿಯಾಳನ್ನು ನೋಡಿದೆ. ಅವಳ ಕಣ್ಣು ತುಂಬಿತ್ತು.

“ವೈನೀ, ಅದು ಬರೇ ಚಿತ್ರ,” ಅಂದ ಅನೀಲಕುಮಾರ. ದನಿ ಇಳಿದಿತ್ತು. ಶಿವಕಾಂತಾ ಸೆರಗು ತೆಗೆಯಲಿಲ್ಲ. ಜಗದೇವಪ್ಪ ಈಗ ತಿರುಗಿ ಹೆಂಡತಿಯನ್ನು ನೋಡಿದ, ಆಮೇಲೆ ಚಿತ್ರವನ್ನು ನೋಡಲೇಬೇಕಾಯಿತು. ಕಲ್ಲಿನಾಥ ಇದೆಲ್ಲ ತನ್ನಿಂದಾಯಿತೆಂದುಕೊಂಡು, “ನಾ ಹೊಂಟೇನಿ ಸಾವ್ಕಾರ್ರ, ಎತ್ತಿಗೆ ನೀರು ಕುಡಿಸಬೇಕು,” ಎಂದು ಬಾಗಿಲ ಕಡೆ ಹೊರಟ.

ಶಿವಕಾಂತಾ ಬಗ್ಗಿ ತಾಟಿನಿಂದ ಒಂದು ಕಪ್ಪು ತೆಗೆದುಕೊಂಡರು. ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದು, ಕಲ್ಲಿನಾಥನ ಮುಂದೆ ಹೋಗಿ, ನೆಲ ನೋಡುತ್ತಲೇ ಕಪ್ಪು ಚಾಚಿದರು.

“ಚಹಾ ತಗೊಂಡು ಹೋಗ್ರಿ, ಭಾವಾರ.”

ನಮ್ಮಲ್ಲಿ ಗಂಡನ ಅಣ್ಣನಿಗೆ ಮಾತ್ರ ಆ ಮಾತು. ಕಲ್ಲಿನಾಥ ಎರಡೂ ಕೈಯಿಂದ ಕಪ್ಪು ಹಿಡಿದುಕೊಂಡ. ಅಲ್ಲೇ ನಿಂತು ಪೂರ್ತಿ ಕುಡಿದ. ಕಪ್ಪು ಖಾಲಿಯಾದ ಮೇಲೆ ಜಗದೇವಪ್ಪ, “ಮೊಳೆ ಎಲ್ಲಿ ಹೊಡೀಬೇಕು ತೋರಸ್ರಿ,” ಎಂದು ನನಗೆ ಹೇಳಿದ.

ಚಿತ್ರ ಹಾಲ್‌ನಲ್ಲಿ ತೂಗಿತು. ಅನೀಲಕುಮಾರ ಊರೂರಿಗೆ ಹೋಗಿ ಹೇಳಲಿಲ್ಲ, ಹೇಳಿದ್ದರೆ ತನ್ನ ಮನೆಯ ಮಾತನ್ನೇ ಹೇಳಬೇಕಾಗುತ್ತಿತ್ತು. ಆದರೆ ನನ್ನನ್ನು ಬದಿಗೆ ಕರೆದು, “ಸ್ವಲ್ಪ ಮಂದ ಗ್ಲಾಸು ಸಿಗತದೇನ್ರಿ, ಮುಖ ಅಷ್ಟು ಕಾಣದಂಥಾದ್ದು?” ಎಂದು ಕೇಳಿದ. ಬಚ್ಚಲದ ಕಿಟಕಿಗೆ ಸಿಗುತ್ತದೆ, ಅಪ್ಪನಿಗೆ ಸಿಗುವುದಿಲ್ಲ ಎಂದೆ.

ಇಷ್ಟಾದರೂ ನಲ್ಲಿಯ ಬಳಿಯ ಮಾತು ನನ್ನ ಗಂಟಲಲ್ಲಿ ಮುಳ್ಳಾಗಿ ಉಳಿದಿತ್ತು. ಕೆಲವು ವಾರದ ಮೇಲೆ ಕಲ್ಲಿನಾಥ ನನ್ನ ಅಂಗಡಿಗೆ ಬಂದ. ಒಗೆದ ಧೋತರ, ಕೈಯಲ್ಲಿ ಒಂದು ಚೀಲ ಶೇಂಗಾ. ನನ್ನನ್ನು ನೋಡಲಿಲ್ಲ, ನೇರವಾಗಿ ಗೌಸಿಯಾಳ ಮುಂದೆ ನಿಂತ.

“ಅವತ್ತ ಕೇಳಿದ್ನಲ್ರಿ ಅಮ್ಮಾ, ಫೋಟೋ ಇಲ್ದವರ್ನೂ ಬರೀತೀರೇನು ಅಂತ. ನೀವು ಬರೀತೇನಿ ಅಂದ್ರಿ. ನಮ್ಮವ್ವಂದು ಬರೀರಿ.”

ನಾನು ಕತ್ತರಿಸುತ್ತಿದ್ದ ಗಾಜನ್ನು ಕೆಳಗಿಟ್ಟೆ. ಗೌಸಿಯಾ ಅವತ್ತು ತಪ್ಪು ತಿಳಿದದ್ದು ಅಲ್ಲಿ. ಆ ಅಂಗಳದಲ್ಲಿ, ಆ ಮುಖದ ಮನುಷ್ಯ ಹಾಗೆ ಕೇಳಿದಾಗ ಹಿರಿಯ ಮಗ ತಂದೆಯ ಬಗ್ಗೆ ಕೇಳುತ್ತಿದ್ದಾನೆ ಎಂದೇ ಅವಳು ತಿಳಿದಿದ್ದಳು. ಆತ ಕೇಳಿದ್ದು ತಾಯವ್ವನನ್ನು. ಆ ಮನೆಯಲ್ಲಿ, ಆ ಸಿಟ್ಟಿನ ನಡುವೆ, ಎಷ್ಟು ಬೈದರೂ ಆತ ತಾಯಿಯ ಹೆಸರನ್ನು ಆ ನೆಲದ ಮೇಲೆ ಬೀಳಿಸಲಿಲ್ಲ. ಎರಡನೆಯ ಸಲ ಆ ಊರಿಗೆ ಹೋಗುವ ಹೊತ್ತಿಗೆ ಇವಳಿಗೂ ಅದು ಹೊಳೆದಿತ್ತು, ಅದಕ್ಕೇ ಬಾಯಿ ಬಿಡಲಿಲ್ಲ.

“ನೆನಪ ಅದ ಏನ್ರಿ ಮುಖ?” ಗೌಸಿಯಾ ಕೇಳಿದಳು.

“ಅದ ರೀ. ಹೇಳಾಕ ಬರಂಗಿಲ್ಲ.”

“ಅವ್ರ ಅಕ್ಕತಂಗೇರು?”

“ಯಾರೂ ಇಲ್ರಿ. ನಾ ಒಬ್ಬನ.”

ಸಾಲಿಗೆ ಕೂಡಿಸಲು ಒಬ್ಬನೇ ಮನುಷ್ಯ. ಅವಳು ಬಹಳ ಹೊತ್ತು ಆತನನ್ನೇ ನೋಡಿದಳು. ಬಾನುಬಿ ಅಡಕೆ ಕತ್ತರಿಸುವುದನ್ನು ನಿಲ್ಲಿಸಿದಳು, ಆದರೆ ಈ ಸಲ ಸೊಸೆಯನ್ನು ಎಬ್ಬಿಸಲಿಲ್ಲ. “ಅಪ್ಪನ್ನ ಈಗಾಗಲೇ ಬರ್ದೀನಿ,” ಎಂದು ಗೌಸಿಯಾ ನನಗೆ ಹೇಳಿದಳು. “ಅವ್ರ ಪಾಲು ಇವ್ರ ಮುಖದಾಗ ಯಾವ್ದು ಅಂತ ಗೊತ್ತದ. ಅದನ್ನ ತೆಗೆದ್ರ ಉಳಿದದ್ದು ಅವ್ವಂದು.” ಹಣೆ, ಮೂಗು, ಕಿವಿ, ಗದ್ದ ಬಿಟ್ಟಳು. ಮೇಲ್ತುಟಿ ಉಳಿಯಿತು, ಕಣ್ಣಿನ ಕೆಳಗಿನ ಮೆತ್ತನೆಯ ಜಾಗ ಉಳಿಯಿತು, ನಗುವಾಗ ಎಡಕ್ಕೆ ವಾಲುವ ಬಾಯಿ ಉಳಿಯಿತು. ಆ ನಗು ಬರಿಸಲು ಬಾನುಬಿಯೇ ತನ್ನ ಗಂಡನ ಮೊಂಡು ಮೇಕೆಯ ಕಥೆ ಹೇಳಬೇಕಾಯಿತು.

ಚಿತ್ರ ಮುಗಿದ ವಾರ ಶಿವಕಾಂತಾ ಜೇವರ್ಗಿಗೆ ಬಂದರು. ಹೊಸ ಮನೆಯ ದೇವರ ಜಗುಲಿಗೆ ಒಂದು ಫ್ರೇಮು ಬೇಕಿತ್ತಂತೆ. ಅಫಜಲಪುರದಲ್ಲಿ ಫ್ರೇಮು ಸಿಗುವುದಿಲ್ಲವೇ? ಗೌಸಿಯಾ ಹೇಳಿ ಕಳಿಸಿರಬೇಕು ಎಂದು ನನಗೆ ಅನುಮಾನ. ಕೇಳಲಿಲ್ಲ. ಪಟ್ಟಿ ಆರಿಸುತ್ತ ಆಕೆ ಹಿಂದಿನ ಕೋಣೆಯ ಬಾಗಿಲವರೆಗೆ ಬಂದರು. ಒಳಗೆ ಕುರ್ಚಿಯ ಮೇಲೆ ತಾಯವ್ವ ಇದ್ದಳು, ನೆಲದ ಮೇಲೆ ಕಲ್ಲಿನಾಥ ಕೂತಿದ್ದ, ಬಣ್ಣ ಇನ್ನೂ ಆರಿರಲಿಲ್ಲ.

ತಾಯವ್ವ ಆ ಮನೆಯ ಆಳು. ಅವಳ ಮುಂದೆ ಆ ಮನೆಯ ಸೊಸೆ ಯಾವತ್ತೂ ತಲೆ ಮುಚ್ಚಿರಲಿಲ್ಲ, ಮುಚ್ಚುವ ಪ್ರಶ್ನೆಯೇ ಇರಲಿಲ್ಲ. ಶಿವಕಾಂತಾ ಬಾಗಿಲಲ್ಲಿ ನಿಂತು ನೋಡಿದರು. ಕೈಯಲ್ಲಿದ್ದ ಪಟ್ಟಿಯನ್ನು ನನಗೆ ಕೊಟ್ಟರು. ನಿಧಾನವಾಗಿ ಸೆರಗು ಎಳೆದು ಹಣೆಯವರೆಗೆ ಹೊದ್ದುಕೊಂಡು, ಅತ್ತೆಗೆ ಬಗ್ಗುವ ಹಾಗೆ ಬಗ್ಗಿ, ಸೆರಗಿನ ತುದಿಯಿಂದ ಕುರ್ಚಿಯ ಮುಂದಿನ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು.

“ಯವ್ವಾ,” ಅಂದ ಕಲ್ಲಿನಾಥ, ಚಿತ್ರದ ಕಡೆ ತಿರುಗಿ. ಗೌಸಿಯಾ ನಖಾಬ ಮೇಲೆತ್ತಿ ಮುಖ ಒರೆಸಿಕೊಂಡಳು. ಪರಗಂಡಸೊಬ್ಬ ಅಲ್ಲೇ ಕೂತಿದ್ದಾನೆ ಎನ್ನುವುದು ಅವಳಿಗೂ ನೆನಪಿರಲಿಲ್ಲ, ಬಾನುಬಿಯೂ ನೆನಪು ಮಾಡಿಕೊಡಲಿಲ್ಲ.